ಮೊಣಕೈ ಎತ್ತರದ ಕಾರು

ಕಾರು ಎತ್ತರವಾಯಿತೆಂದು ಊಟ ಬಿಟ್ಟ ಗಂಡಸನ್ನು ನೀವು ಕಂಡಿರಲಾರಿರಿ. ಹಿಂದೂಪುರದ ನೇಕಾರರ ಬೀದಿಯಲ್ಲಿ ಅಂಥವನೊಬ್ಬನಿದ್ದ. ಹೆಸರು ಆದಿನಾರಾಯಣ. ಆಂಧ್ರ ರಾಜ್ಯವಾಗಿ ನಾಲ್ಕೈದು ವರ್ಷ ಕಳೆದಿದ್ದ ಕಾಲ ಅದು. ಊರಿನ ಕಾರುಗಳನ್ನು ಒಂದೇ ಕೈಯಲ್ಲಿ ಎಣಿಸಿ ಹೆಬ್ಬೆರಳನ್ನು ಉಳಿಸಿಕೊಳ್ಳಬಹುದಿತ್ತು. ಅವುಗಳಲ್ಲೊಂದು ಇವನದು. ಅಪ್ಪ ಸಾಯುವಾಗ ಬಿಟ್ಟುಹೋದದ್ದು ಎಂಟು ಮಗ್ಗ. ಅದರಲ್ಲಿ ನಾಲ್ಕು ಸದ್ದಿಲ್ಲದೆ ಕಾರಾದವು. ಯಾರೋ ಬಿಳಿಯ ದೊರೆ ಸೀಮೆಗೆ ವಾಪಸಾಗುವಾಗ ಬೆಂಗಳೂರಿನ ದಂಡಿನಲ್ಲಿ ಮಾರಿಹೋಗಿದ್ದು, ಮೂರು ಕೈ ದಾಟಿ ಬಂದ ಕರೀ ಕಾರು. ಬಂದ ದಿನ ಬೀದಿಗೆ ಬೀದಿಯೇ ನಿಂತು ನೋಡಿತು. ಕಾರನ್ನು ನೋಡಿತೇ ಹೊರತು ಪಕ್ಕದಲ್ಲಿ ನಿಂತಿದ್ದ ಆದಿನಾರಾಯಣನನ್ನಲ್ಲ. ಏಕೆಂದರೆ ಅವನ ತಲೆ ಕಾರಿನ ಮಾಳಿಗೆಗಿಂತ ಎರಡು ಬೆರಳು ಕೆಳಗಿತ್ತು. ಆಚೆ ಮಗ್ಗುಲಲ್ಲಿ ನಿಂತವರಿಗೆ ಅವನು ಇಲ್ಲವೇ ಇಲ್ಲ.

ಆದರೂ ಎರಡು ವರ್ಷ ಅದು ಅವನಿಗೆ ನೋವಾಗಿರಲಿಲ್ಲ. ನೋವು ಬಂದದ್ದು ಕಲ್ಯಾಣದುರ್ಗದಿಂದ.

ಕಲ್ಯಾಣದುರ್ಗದ ಮಲ್ಲಿಕಾರ್ಜುನಪ್ಪನದೂ ಮಗ್ಗದ ಮನೆಯೇ. ಅವನಿಗೊಬ್ಬ ಮಗ ಕೊಟ್ಟೂರಪ್ಪ, ಒಬ್ಬಳು ಮಗಳು ಹಂಪಮ್ಮ. ಇತ್ತ ಆದಿನಾರಾಯಣನಿಗೆ ಒಬ್ಬಳು ತಂಗಿ, ಬನಶಂಕರಮ್ಮ, ಇಪ್ಪತ್ತು ವರ್ಷದವಳು. ಇವಳನ್ನು ಅಲ್ಲಿಗೆ ಕೊಡುವುದು, ಅವಳನ್ನು ಇಲ್ಲಿಗೆ ತರುವುದು. ಕೊಟ್ಟು ತರುವ ಸಂಬಂಧ. ಇದರ ಕಟ್ಟಳೆ ಎಳೆಮಗುವಿಗೂ ಗೊತ್ತು: ಆಗುವುದಾದರೆ ಎರಡೂ ಆಗಬೇಕು, ಒಂದು ಮುರಿದರೆ ಇನ್ನೊಂದೂ ಮುರಿಯಿತು. ಮೊದಲ ಸುತ್ತಿನಲ್ಲಿ ಅವರು ಬಂದು ಬನಶಂಕರಮ್ಮನನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಅವಳೂ ನೋಡಿದ್ದಳು. ಕೊಟ್ಟೂರಪ್ಪ ಆರಡಿ ಆಳು. ಹೊರಡುವಾಗ ಬಾಗಿಲ ಮೇಲುಹಲಗೆಗೆ ಹಣೆ ಹೊಡೆಸಿಕೊಂಡು, ಯಾರ ಕಾಲನ್ನೋ ತುಳಿದವನಂತೆ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಡುಗೆಮನೆಯ ಕಿಂಡಿಯಿಂದ ಅದನ್ನು ಕಂಡ ಬನಶಂಕರಮ್ಮನಿಗೆ ಆವತ್ತಿನಿಂದ ಆ ಮೇಲುಹಲಗೆಯ ಮೇಲೂ ಒಂದು ಅಕ್ಕರೆ. ಗುಡಿಸುವ ನೆಪದಲ್ಲಿ ದಿನಕ್ಕೆರಡು ಸಲ ಅದನ್ನು ಒರೆಸುತ್ತಿದ್ದಳು.

ಆದಿನಾರಾಯಣ ಕಂಡದ್ದು ಬೇರೆ. ಹೊರಗೆ ಬಂದ ಕೊಟ್ಟೂರಪ್ಪ ಮಾತಾಡುತ್ತ ಮಾತಾಡುತ್ತ, ಪಕ್ಕದಲ್ಲಿದ್ದ ಕಾರಿನ ಮಾಳಿಗೆಯ ಮೇಲೆ ಮೊಣಕೈ ಊರಿ ನಿಂತ. ಬೇಕೆಂದು ಅಲ್ಲ, ಎತ್ತರದ ಆಳು, ಕೈಗೆ ಸಿಕ್ಕಿದ ಕಡೆ ಊರಿದ. ಯಾರ ಮೊಣಕೈ ಎಲ್ಲಿ ಊರಿತು ಎಂದು ಉಳಿದವರಾರೂ ಲೆಕ್ಕ ಇಡಲಿಲ್ಲ. ಆದಿನಾರಾಯಣ ಇಟ್ಟ.

"ನನ್ನ ಕಾರು. ಅವನ ಮೊಣಕೈ," ಅಂದ ಅವರು ಹೋದ ಮೇಲೆ, ಮುಂದಿದ್ದ ಊಟದ ತಟ್ಟೆಯನ್ನು ದೂಡಿ.

"ಅದಕ್ಕೇನೀಗ?" ಅಂದಳು ಅಜ್ಜಿ ಎರ್ರಮ್ಮ. ಅಪ್ಪ ಅಮ್ಮ ಇಲ್ಲದ ಆ ಮನೆಗೆ ಅವಳೇ ಹಿರಿತಲೆ.

"ಮುಂದಿನ ಶುಕ್ರವಾರ ನಾವು ಅವರ ಮನೆಗೆ ಹೆಣ್ಣು ನೋಡಾಕೆ ಹೋಯ್ತೀವಿ. ಕಾರಿಳಿದು ನಾನೂ ಅಂಗೇ ನಿಂತ್ಕಬೇಕು. ಮೊಣಕೈ ಮ್ಯಾಲೆ ಇಟ್ಕಂಡು."

"ಏಣಿ ತಗಂಡೋಗ್ಲಾ?"

"ಏಣಿ ಯಾಕೆ? ಕಾರು ಇಳಿಸ್ತೀನಿ."

ಎರ್ರಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಕೇಳ್ದೇನೇ ಬನಶಂಕ್ರಿ? ನಮ್ಮೋರು ಮಗ್ಗ ಎತ್ತರ ಆಯ್ತು ಅಂತ ಗುಂಡಿ ತೋಡಿ, ತಾವು ಇಳಿದು ಕೂತ್ರು. ಮಗ್ಗದ ಕಾಲು ಕತ್ತರಿಸಿದೋರು ಯಾರೂ ಇಲ್ಲ. ಒಬ್ಬ ರಾಜ ಇದ್ನಂತೆ, ನಿಮ್ಮಣ್ಣನಷ್ಟೇ ಉದ್ದ. ಅವನ ಕುದುರೆ ಮಾತ್ರ ಭಾರೀ ಎತ್ತರ. ಪ್ರಜೆಗಳಿಗೆ ನಾನು ಕಾಣಾಕಿಲ್ಲ, ಕುದುರೆ ಕಾಣ್ತದೆ ಅಂತ ರಾಜ ಅತ್ತ. ಕುದುರೆ ಕಾಲು ನಾಕು ಬೆರಳು ಕತ್ತರಿಸ್ರಿ ಅಂದ..."

"ಅಜ್ಜೀ, ಕತೆ ಬ್ಯಾಡ," ಎಂದು ಎದ್ದ ಆದಿನಾರಾಯಣ. ಬೇಡವೆಂದವನ ಬೆನ್ನಿಗೇ ಕತೆ ಅಂಟಿಕೊಳ್ಳುತ್ತದೆ ಎಂಬುದು ಅವನಿಗೇನು ಗೊತ್ತು!

ಬೋರಪ್ಪನ ಶೆಡ್ಡು ಬಸ್ ಸ್ಟಾಂಡಿನ ಹಿಂದೆ. ಬೆಲ್ಲದ ಮಂಡಿಯ ಲಾರಿಗಳೆಲ್ಲ ಅವನ ಕೈಯಲ್ಲೇ ಸಾಯುತ್ತಿದ್ದವು, ಅವನ ಕೈಯಲ್ಲೇ ಮತ್ತೆ ಹುಟ್ಟುತ್ತಿದ್ದವು. ಆದಿನಾರಾಯಣ ತಂಗಿಯನ್ನೂ ಕರೆದುಕೊಂಡು ಹೋದ. ಕಾರಿನ ಮೇಲೆ ಮೊಣಕೈ ಇಟ್ಟು ನಿಂತರೆ ಹೇಗೆ ಕಾಣುತ್ತೇನೆಂದು ದೂರದಿಂದ ನೋಡಿ ಹೇಳಲು ಒಂದು ಜೊತೆ ಕಣ್ಣು ಬೇಕಿತ್ತು. ಆ ಕಣ್ಣಿಗೊಂದು ಬಾಯಿಯೂ ಇದೆ ಎಂಬುದು ಅವನಿಗೆ ನೆನಪಿರಲಿಲ್ಲ.

"ಏನಾಗೈತೆ ಸಾವ್ಕಾರ್ರೇ? ಎಳೀತಿಲ್ವಾ?" ಅಂದ ಬೋರಪ್ಪ.

"ಎಳೀತೈತೆ."

"ಬ್ರೇಕು?"

"ಹಿಡೀತೈತೆ."

"ಮತ್ತೆ?"

"ಎತ್ತರ ಐತೆ."

ಬೋರಪ್ಪ ಕತ್ತೆತ್ತಿ ಶೆಡ್ಡಿನ ತಗಡನ್ನು ನೋಡಿದ. ಕಾರನ್ನು ನೋಡಿದ. "ತಗಡಿಗೇನೂ ತಾಗ್ತಿಲ್ವಲ್ಲ."

"ಒಂದು ಗೇಣು ಇಳಿಸ್ಬೇಕು."

"ಗೇಣು ಇಳಿಸಿದ್ರೆ ಕಾರು ಹೋಗಿ ಹಾವಾಯ್ತದೆ ಸಾವ್ಕಾರ್ರೇ. ಹೊಟ್ಟೆ ಮ್ಯಾಲೆ ಹರೀತದೆ."

ಆದರೆ ಗಿರಾಕಿ ಹಟ ಹಿಡಿದಿದ್ದ. ಬೋರಪ್ಪ ಕುಕ್ಕರುಗಾಲಲ್ಲಿ ಕೂತು, ಚಕ್ರದ ಹಿಂದೆ ಒಂದರ ಮೇಲೊಂದು ಬಿಲ್ಲಿನಂತೆ ಬಾಗಿ ಕೂತಿದ್ದ ಉಕ್ಕಿನ ಪಟ್ಟಿಗಳನ್ನು ಸ್ಪ್ಯಾನರಿನಿಂದ ತಟ್ಟಿ ತೋರಿಸಿದ. "ಇವು ಕಮಾನು ಪಟ್ಟಿ. ಒಂದೊಂದು ಚಕ್ರಕ್ಕೆ ಏಳೇಳು. ಕಾರಿನ ಭಾರ ಪೂರಾ ಇವುಗಳ ಬೆನ್ನ ಮ್ಯಾಲೆ. ಇಳಿಸಾಕೆ ದಾರಿ ಅವೆ. ಏಳರಲ್ಲಿ ಮೂರು ಪಟ್ಟಿ ಕಿತ್ತಾಕ್ಬೋದು. ಎರಡು ದಿನದ ಕೆಲಸ. ಆದ್ರೆ ಏಳಾಳಿನ ಪಲ್ಲಕ್ಕಿ ನಾಕಾಳಿನ ಹೆಗಲ ಮ್ಯಾಲೆ ಕೂತಂಗೆ. ಹಳ್ಳ ಸಿಕ್ಕಿದ್ರೆ ಧಡ್ ಅಂತದೆ. ಇಲ್ಲಾ, ಪಟ್ಟಿ ಕಾಸಿ, ಬಡಿದು, ಬಗ್ಗು ತೆಗೀಬೋದು. ಬೆಂಕಿ ಕಂಡ್ರೆ ಉಕ್ಕಿನ ಹದ ಹೋಯ್ತದೆ. ಮತ್ತೆ ಎಣ್ಣೇಲಿ ಅದ್ದಿ ಹದ ಕೊಡೋ ಕುಲುಮೆ ನನ್ನತ್ರ ಇಲ್ಲ, ಬೆಂಗ್ಳೂರಿಗೆ ಕಳಿಸ್ಬೇಕು. ಇಪ್ಪತ್ತು ದಿನ."

"ಇನ್ನೊಂದು?"

"ಪಟ್ಟೀನ ಅಚ್ಚಿನ ಮ್ಯಾಲಿಂದ ತೆಗೆದು ಅಚ್ಚಿನ ಕೆಳಾಕೆ ಕಟ್ಟೋದು. ಬಲ ಅಂಗೇ ಇರ್ತದೆ, ಹದ ಅಂಗೇ ಇರ್ತದೆ. ಅದಕ್ಕೂ ಹೊಸಾ ಸಾಮಾನು ಬರ್ಬೇಕು, ಒಂದು ತಿಂಗಳು. ನನ್ನ ಮಾತು ಕೇಳಾದಾದ್ರೆ ಬೆಂಗ್ಳೂರಿಗೆ ಕಳ್ಸಿ ಎರಡೇ ಎರಡು ಇಂಚು ಇಳಿಸ್ರಿ, ಹೊಸಾ ಶಾಕ್ ಅಬ್ಸಾರ್ಬರ್ ಹಾಕಿಸ್ರಿ. ರಸ್ತೆ ನೋಡಿ ಕಾರು ಇಳಿಸ್ಬೇಕು, ಆಳು ನೋಡಿ ಅಲ್ಲ."

ಸೀರೆ ಅಂಗಡಿಯಲ್ಲಿ ಈ ಒಡಲಿಗೆ ಆ ಸೆರಗು ಹಚ್ಚಿ ಎಂದು ಕೂರುವ ಹೆಂಗಸರನ್ನು ಬನಶಂಕರಮ್ಮ ಬೇಕಾದಷ್ಟು ನೋಡಿದ್ದಳು. ಅಣ್ಣನೂ ಹಾಗೇ ಆರಿಸಿದ. "ಮೊದಲನೇದೂ ಎರಡನೇದೂ ಕೂಡ್ಸು. ಮೂರು ಪಟ್ಟಿ ಕಿತ್ತಾಕು, ಉಳಿದ ನಾಕನ್ನ ಕಾಸಿ ಬಡಿ. ಗಾಡಿ ಚಕ್ರಕ್ಕೆ ಪಟ್ಟಾ ಹಾಕೋ ಕಮ್ಮಾರನ ಕುಲುಮೇಲೇ ಆಯ್ತದಲ್ಲ. ಶುಕ್ರವಾರದೊಳಗೆ."

"ಹದ ಕೊಡ್ದೆನೇ?"

"ಹದ ಯಾರಿಗಯ್ಯಾ ಕಾಣ್ತದೆ? ಎತ್ತರ ಕಾಣ್ತದೆ."

ಬನಶಂಕರಮ್ಮನಿಗೆ ಮೈ ಉರಿದುಹೋಯಿತು. ಹಾಸುನೂಲಿಗೆ ಗಂಜಿ ಕೊಡುವಾಗ ಅಪ್ಪ ಬೆರಳ ನಡುವೆ ಎಳೆ ಹಿಡಿದು ಹೇಳುತ್ತಿದ್ದ: "ಹದ ಸೀರೆ ಉಟ್ಟ ದಿನ ಕಾಣಾಕಿಲ್ಲ ಕಣಮ್ಮ, ಹರಿದ ದಿನ ಕಾಣ್ತದೆ." ಅದೇ ಅಪ್ಪನ ಮಗ ಈಗ ಹದ ಯಾರಿಗೆ ಕಾಣ್ತದೆ ಅನ್ನುತ್ತಿದ್ದ. "ಅಣ್ಣಯ್ಯ, ಎರಡು ಇಂಚೇ ಸಾಕು, ಚೆನ್ನಾಗಿ ಕಾಣ್ತೀಯ," ಎಂದಳು. ಅದು ಸುಳ್ಳು. ಎರಡು ಇಂಚಲ್ಲ, ಇಡೀ ಕಾರನ್ನು ಹೂತರೂ ಅವನು ಚೆನ್ನಾಗಿ ಕಾಣುತ್ತಿರಲಿಲ್ಲ. ಆದರೆ ಕಾರು ಕಲ್ಯಾಣದುರ್ಗ ತಲುಪಬೇಕಲ್ಲ. ಅವಳ ಬಾಳೂ ಅದರಲ್ಲೇ ಕೂತು ಹೋಗಬೇಕಿತ್ತು.

"ನಿಂಗೇನು ಗೊತ್ತಾಯ್ತದೆ ಕಾರಿನ ವಿಚಾರ?" ಅಂದ ಅಣ್ಣ.

ಗುರುವಾರ ಸಂಜೆಗೆ ಕಾರು ಆರು ಇಂಚು ಇಳಿದಿತ್ತು. ನೆಲಕ್ಕೂ ಹೊಟ್ಟೆಗೂ ನಡುವೆ ಬೋರಪ್ಪನ ಒಂದು ಮುಷ್ಟಿ ತೂರುತ್ತಿತ್ತು, ಎರಡನೆಯದು ತೂರುತ್ತಿರಲಿಲ್ಲ. ಆದಿನಾರಾಯಣ ಪಕ್ಕದಲ್ಲಿ ನಿಂತು ಮೊಣಕೈ ಎತ್ತಿ ಮಾಳಿಗೆಯ ಮೇಲಿಟ್ಟ. ಅದು ಇನ್ನೂ ಅವನ ಕಿವಿಯ ಮಟ್ಟಕ್ಕೇ ಇತ್ತು. ಮರದ ಕೊಂಬೆಗೆ ಒಂದೇ ಕಾಲಲ್ಲಿ ಜೋತುಬಿದ್ದ ಬಾವಲಿಯಂತೆ ಕಂಡ. "ಹೆಂಗೈತೆ?" ಅಂದ. ಬೋರಪ್ಪ ಮುಖ ತಿರುಗಿಸಿಕೊಂಡ. ಕಿತ್ತ ಪಟ್ಟಿಗಳನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು, ಬನಶಂಕರಮ್ಮನ ಕಡೆ ನೋಡಿ ಮೆಲ್ಲಗೆ ಹೇಳಿದ: "ಇಲ್ಲೇ ಇರ್ಲಿ ಕಣಮ್ಮ. ಬೇಕಾಯ್ತವೆ."

ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟರು. ಆದಿನಾರಾಯಣ ರೇಷ್ಮೆ ಜುಬ್ಬ ತೊಟ್ಟು ಸ್ಟಿಯರಿಂಗ್ ಹಿಡಿದಿದ್ದ. ಹಿಂದೆ ಅಜ್ಜಿ ಮತ್ತು ಬನಶಂಕರಮ್ಮ. ಗಂಡ ಸತ್ತ ಅಜ್ಜಿ ಹುಡುಗಿಗೆ ಕುಂಕುಮ ಇಡುವಂತಿಲ್ಲ. ಗಂಡಿನ ತಂಗಿಯೇ ಇಡಬೇಕು. ಹಾಗೆಂದು ತಾನು ಸೇರಲಿರುವ ಮನೆಯ ಹೊಸಿಲನ್ನು ಮದುವೆಗೆ ಮೊದಲು ಅವಳು ದಾಟುವ ಹಾಗೂ ಇಲ್ಲ. "ಜಗುಲಿ ಮ್ಯಾಲೇ ಕೂತ್ಕ. ಅಲ್ಲಿಂದಲೇ ಕುಂಕುಮ ಇಡು, ತಿಳೀತಾ?" ಎಂದು ಎರ್ರಮ್ಮ ನಾಲ್ಕು ಸಲ ಹೇಳಿದ್ದಳು.

ಸೋಮಂದೇಪಲ್ಲಿಯವರೆಗೆ ರಸ್ತೆ ಒಪ್ಪವಾಗಿತ್ತು, ಕಾರೂ ಒಪ್ಪವಾಗಿತ್ತು. ಪೆನುಕೊಂಡ ದಾಟಿ ಪಡುವಣಕ್ಕೆ ತಿರುಗಿದ್ದೇ ತಡ, ಪ್ರತಿ ಹಳ್ಳಕ್ಕೂ ಅಜ್ಜಿಯ ತಲೆ ಮಾಳಿಗೆಯನ್ನು ಮುಟ್ಟಿ ಬಂತು.

"ಆಮೇಲೆ ಕುದುರೆ ಕಾಲು ಕತ್ತರಿಸಿದ್ರಂತೆ," ಅಂದಳು ಅಜ್ಜಿ ಒಂದು ಏಟಿಗೆ. ಇನ್ನೊಂದು ಏಟಿಗೆ, "ರಾಜ ಹತ್ತಿ ಕೂತ್ನಂತೆ." ಮೂರನೆಯದಕ್ಕೆ, "ಅಯ್ಯೋ ದೇವುಡಾ, ಸೊಂಟ!"

"ಅಜ್ಜಿ, ನೀನು ನಡೂಮಧ್ಯೆ ಕೂರು. ಒಂದೇ ಕಡೆ ಭಾರ ಬೀಳ್ತೈತೆ."

"ನಾನು ಭಾರವೇನ್ಲಾ? ಪಟ್ಟಿ ಕಿತ್ತಾಕುವಾಗ ಅಜ್ಜೀನೂ ಕಿತ್ತಾಕ್ಸಿದ್ರೆ ಆಗ್ತಿತ್ತಲ್ಲ!"

ಕಲ್ಯಾಣದುರ್ಗ ಇನ್ನು ಎರಡು ಮೈಲಿ ಇದ್ದಾಗ ದಾರಿ ಗಾಡಿಜಾಡಾಯಿತು. ಕಡ್ಲೇಕಾಯಿ ಹೇರಿದ ಗಾಡಿಗಳ ಕಬ್ಬಿಣದ ಪಟ್ಟಾ ಮಳೆಗಾಲದ ಕೆಸರಿನಲ್ಲಿ ಎರಡು ಕಾಲುವೆ ಕೊರೆದಿತ್ತು. ನಡುವೆ ಉದ್ದಕ್ಕೂ ದಿಣ್ಣೆ. ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಆ ಸೀಮೆಯಲ್ಲಿ ಎತ್ತಿಗೂ ಗೊತ್ತು, ಜಾಡು ಎಷ್ಟು ಆಳವೋ ಗಾಡಿ ಅಷ್ಟು ಎತ್ತರ ಇರಬೇಕೆಂದು. ಆದಿನಾರಾಯಣನ ಕಾರಿನ ಚಕ್ರಗಳು ಜಾಡಿಗಿಳಿದವು. ಹೊಟ್ಟೆ ದಿಣ್ಣೆಯ ಮೇಲೆ ಕೂತಿತು. ಗರ್ರ್ ಎಂದು ಚಕ್ರ ಸುತ್ತಿತು, ಧೂಳೆದ್ದಿತು, ಕಾರು ಮಾತ್ರ ಕಾವಿಗೆ ಕೂತ ಕೋಳಿಯಂತೆ ಕದಲಲಿಲ್ಲ.

ಆದಿನಾರಾಯಣ ಹಾರನ್ ಹೊಡೆದ. ಹೊಲದಲ್ಲಿ ಮೇಯುತ್ತಿದ್ದ ಕತ್ತೆಯೊಂದು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

"ಇಳಿದು ತೋಡ್ಲಾ," ಅಂದಳು ಅಜ್ಜಿ.

"ಹೆಣ್ಣು ನೋಡಾಕೆ ಹೊಂಟ ಗಂಡು ಮಣ್ಣು ತೋಡ್ತಾನೇನು? ಜುಬ್ಬ ಏನಾಗ್ಬೇಕು? ಯಾರಾದ್ರೂ ಬತ್ತಾರೆ, ಕೂತ್ಕ."

ಹೊತ್ತು ಏರುತ್ತಿತ್ತು. ರಾಹುಕಾಲಕ್ಕೆ ಮೊದಲು ತಲುಪದಿದ್ದರೆ ಶಾಸ್ತ್ರ ಇನ್ನೊಂದು ತಿಂಗಳಿಗೆ ಹೋಗುತ್ತದೆ. ತಡವಾದ ಸಂಬಂಧ ಹಳಸಿದ ಅನ್ನದಂತೆ, ಯಾರೂ ಬಡಿಸಿಕೊಳ್ಳುವುದಿಲ್ಲ. ಬನಶಂಕರಮ್ಮ ಬಾಗಿಲು ತೆರೆದು ಇಳಿದಳು. ಡಿಕ್ಕಿಯಿಂದ ಗೋಣಿ ಬಿಚ್ಚಿ ಉದ್ದನೆಯ ಪಟ್ಟಿಯೊಂದನ್ನು ಎಳೆದುಕೊಂಡು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ದಿಣ್ಣೆಯನ್ನು ತೋಡತೊಡಗಿದಳು. ಕಾರನ್ನು ಹೊರಬೇಕಾಗಿದ್ದ ಉಕ್ಕು ಈಗ ಅದರ ಹೊಟ್ಟೆಯ ಕೆಳಗೆ ಗುದ್ದಲಿಯಾಯಿತು. ಒಳಗಿನಿಂದ ಅಣ್ಣ, "ಎಡಕ್ಕೆ, ಇನ್ನೂ ಎಡಕ್ಕೆ ತೋಡು," ಎಂದು ಗಾಜಿನಾಚೆ ಕೈ ಆಡಿಸಿ ಹೇಳುತ್ತಿದ್ದ. ಅವನ ಕೈಗೆ ಆ ಪಟ್ಟಿಯಲ್ಲೇ ಒಂದು ಬಾರಿಸಬೇಕು ಅನ್ನಿಸಿತು ಅವಳಿಗೆ.

ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯುವ ಹೊತ್ತಿಗೆ ಸೈಕಲ್ ಗಂಟೆ ಕೇಳಿಸಿತು. ನೆಂಟರು ಬರುತ್ತಾರೆಂದು ಎದುರುಗೊಳ್ಳಲು ಬಂದಿದ್ದ ಕೊಟ್ಟೂರಪ್ಪ ಸೈಕಲ್ ಮೇಲೆ ಕೂತೇ ಎರಡೂ ಕಾಲನ್ನು ನೆಲಕ್ಕೆ ಊರಿದ. ಧೂಳು ಹಿಡಿದ ಮುಖ, ಎತ್ತಿಕಟ್ಟಿದ ಸೀರೆ, ಕೈಯಲ್ಲಿ ಉಕ್ಕಿನ ಪಟ್ಟಿ. ಹೀಗೆ ಕಾಣಿಸಿಕೊಳ್ಳುತ್ತೇನೆಂದು ಬನಶಂಕರಮ್ಮ ತನ್ನ ಯಾವ ಕನಸಿನಲ್ಲೂ ಕಂಡಿರಲಿಲ್ಲ.

"ಕಾರಿಗೇನಾಯ್ತು?" ಅಂದ.

"ಮೊಟ್ಟೆ ಇಡ್ತೈತೆ," ಅಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಕೊಟ್ಟೂರಪ್ಪ ಉಕ್ಕಿದ ನಗು ತಡೆದು, ಅವಳ ಕೈಯ ಪಟ್ಟಿ ನೋಡಿದ. "ಇದ್ಯಾವ ಆಯುಧ?"

"ಕಾರಿನ ಕಮಾನು ಪಟ್ಟಿ. ಕಾರು ಎತ್ತರ ಕಾಣ್ತೈತೆ ಅಂತ ಕಿತ್ತಾಕ್ಸವ್ರೆ."

"ಒಳಗೇ ಇದ್ದಿದ್ರೆ ಈಗ ಹೊರಗೆ ಬೇಕಾಯ್ತಿರ್ಲಿಲ್ಲ," ಎಂದು ಸೈಕಲ್ ಮಲಗಿಸಿ, ಬಗ್ಗಿ ಗಾಜಿನೊಳಗೆ ನೋಡಿದ. "ಭಾವನೋರಿಗೆ ಮೈ ಹುಷಾರಿಲ್ವಾ?"

"ಮೈ ಹುಷಾರಾಗೈತೆ ಕಣಪ್ಪ," ಅಂದಳು ಅಜ್ಜಿ ಒಳಗಿನಿಂದ. "ಜುಬ್ಬಕ್ಕೆ ಹುಷಾರಿಲ್ಲ."

ಕೊಟ್ಟೂರಪ್ಪ ಇನ್ನೊಂದು ಪಟ್ಟಿ ತೆಗೆದುಕೊಂಡ. ಇಬ್ಬರೂ ಎರಡು ಕಡೆಯಿಂದ ತೋಡಿದರು. ಉಕ್ಕು ಮಣ್ಣಿಗೆ ತಾಗುವ ಸದ್ದು ಮಾತ್ರ. ನಡುವಿನ ಮಣ್ಣು ಕುಸಿದು ಅವನ ಪಟ್ಟಿಯ ತುದಿ ಅವಳ ಪಟ್ಟಿಯ ತುದಿಗೆ ಟಿಣ್ ಎಂದು ತಾಗಿದಾಗ, ಕಾರಿನ ಕೆಳಗೆ ಮಗ್ಗದ ಗುಂಡಿಯಷ್ಟು ಹಳ್ಳವಾಗಿತ್ತು. ಕಾರು ಮುಲುಕಿ, ಜಾಡಿನಿಂದ ಪಕ್ಕದ ಹೊಲದಂಚಿಗೆ ಏರಿ ಮುಂದಕ್ಕೆ ಉರುಳಿತು. ಆದಿನಾರಾಯಣ ಗಾಜು ಇಳಿಸಿ ಹೇಳಿದ್ದು ಒಂದೇ ಮಾತು: "ಕೊಟ್ಟೂರಪ್ನೋರೇ, ನೀವು ಸೈಕಲ್ ಮ್ಯಾಲೆ ನಿಧಾನಕ್ಕೆ ಹಿಂದೆ ಬನ್ನಿ. ಮನೆ ಮುಂದೆ ಕಾರಿನ ಪಕ್ಕ ಬಂದು ನಿಂತ್ಕಬ್ಯಾಡಿ."

ಮಲ್ಲಿಕಾರ್ಜುನಪ್ಪನ ಮನೆಯ ಮುಂದೆ ಕಾರು ನಿಂತಿತು. ಆದಿನಾರಾಯಣ ಇಳಿದ, ಜುಬ್ಬ ಕೊಡವಿದ, ಕ್ರಾಪು ತಿದ್ದಿದ. ಆಮೇಲೆ ನಾಲ್ಕು ಮಗ್ಗ, ಹನ್ನೆರಡು ಪಟ್ಟಿ, ತಂಗಿಯ ಎರಡು ಅಂಗೈ ಖರ್ಚು ಮಾಡಿ ಗಳಿಸಿದ್ದ ಆ ಜಾಗದಲ್ಲಿ ಮೊಣಕೈ ಊರಿದ. ಬಾಗಿಲ ಸಂದಿನಲ್ಲಿ ಹೆಂಗಸರು ಕಿಸಕ್ಕೆಂದರು. ಮಲ್ಲಿಕಾರ್ಜುನಪ್ಪ ಹೊರಗೆ ಬಂದು ಕೈಮುಗಿದ. ಅವನ ಕಣ್ಣು ಹೋದದ್ದು ಮೊಣಕೈಯ ಕಡೆಗಲ್ಲ. ಜಗುಲಿಯ ತುದಿಯಲ್ಲಿ ಕೂತು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದ ಬನಶಂಕರಮ್ಮನ ಕಡೆಗೆ.

"ಅಮ್ಮಣ್ಣಿ ಕೈಗೇನಾಯ್ತು? ಹಂಪಮ್ಮಾ, ನೀರು ತಗಂಬಾ."

ತಂಬಿಗೆ ಹಿಡಿದು 'ಹೆಣ್ಣು' ಹೊರಗೆ ಬಂದಳು. ಬನಶಂಕರಮ್ಮ ತಲೆಯೆತ್ತಿ ನೋಡಿದಳು. ನೋಡಿ, ನಗಬೇಕೋ ಅಳಬೇಕೋ ತಿಳಿಯದಾದಳು. ಅಣ್ಣ ತೆಂಗಿನ ಮರವಾದರೆ ತಂಗಿ ತುಂಬೆಗಿಡ. ಹಂಪಮ್ಮ ಆದಿನಾರಾಯಣನ ಭುಜಕ್ಕೂ ಬರುತ್ತಿರಲಿಲ್ಲ! ಅವಳ ಪಕ್ಕ ಬರಿದೇ ನಿಂತಿದ್ದರೂ ಅವನು ಭೀಮನಂತೆ ಕಾಣುತ್ತಿದ್ದ. ಮೂರು ತಿಂಗಳಿಂದ ಮಾತುಕತೆ ನಡೆದಿತ್ತು. ಹುಡುಗಿ ಹೇಗಿದ್ದಾಳೆಂದು ಆ ಮಹಾರಾಯ ಒಂದು ಸಲವೂ ಕೇಳಿರಲಿಲ್ಲ. ತಾನು ಹೇಗೆ ಕಾಣುತ್ತೇನೆ ಎಂಬುದೊಂದನ್ನೇ ಕೇಳುತ್ತಿದ್ದ.

ಹಂಪಮ್ಮ ನೀರು ಹಾಕುತ್ತ ಒಡೆದ ಬೊಬ್ಬೆಗಳನ್ನು ನೋಡಿದಳು. "ಅಕ್ಕಯ್ಯ, ಇದೇನು?"

"ಕಾರು ಜಾಡಲ್ಲಿ ಸಿಕ್ಕಂಡಿತ್ತು. ಮಣ್ಣು ತೋಡ್ದೆ."

"ಅವರು?"

ಬನಶಂಕರಮ್ಮನ ಬಾಯಿಗೆ ಒಂದು ಸುಳ್ಳು ಬಂದು ನಿಂತಿತ್ತು. ಅಷ್ಟರಲ್ಲಿ ಎರ್ರಮ್ಮ, ಹುಟ್ಟಿದಾಗಿನಿಂದ ಬಾಯಿಗೆ ಬೀಗ ಕಾಣದವಳು, ಹೇಳಿಯೇಬಿಟ್ಟಳು: "ಅವನು ಒಳಗೆ ಕೂತು ಎಡಕ್ಕೆ ತೋಡು, ಬಲಕ್ಕೆ ತೋಡು ಅಂತಿದ್ದ ಕಣಮ್ಮ."

ಹಂಪಮ್ಮ ತಂಬಿಗೆ ಕೆಳಗಿಟ್ಟಳು. ಅಪ್ಪನ ಕಡೆ ತಿರುಗಿದಳು. ಧ್ವನಿ ಸಣ್ಣದು, ಆದರೆ ಬೀದಿಗೆಲ್ಲ ಕೇಳಿಸಿತು. "ಅಪ್ಪಯ್ಯ, ನಾನು ಕುಳ್ಳೀನೇ. ಕುಳ್ಳ ಅಂತ ಯಾರನ್ನೂ ಬ್ಯಾಡ ಅನ್ನಾಕಿಲ್ಲ. ತಂಗಿ ಮಣ್ಣು ತೋಡುವಾಗ ಒಳಗೆ ಕೂತಿದ್ದೋರು ನನಗೆ ಬ್ಯಾಡ."

ಮಲ್ಲಿಕಾರ್ಜುನಪ್ಪ ಅಜ್ಜಿಯ ಕಡೆ ತಿರುಗಿದ. "ಮಗಳ ಮಾತು ಮೀರಿ ನಾನೇನೂ ಮಾಡಾಕಾಗಲ್ಲ ಎರ್ರಮ್ಮಾರೇ. ಎರಡೂ ಇಲ್ಲಿಗೇ ನಿಂತಂಗೆ."

ಎರಡೂ. ಆಗಷ್ಟೇ ಬಂದು ಸೈಕಲ್ ಹಿಡಿದು ನಿಂತಿದ್ದ ಕೊಟ್ಟೂರಪ್ಪ ನೆಲ ನೋಡಿದ. ಬನಶಂಕರಮ್ಮನಿಗೆ ತನ್ನ ಅಂಗೈ ಉರಿಯುವುದು ಆಗ ಗೊತ್ತಾಯಿತು.

"ನಡೀರಿ!" ಎಂದು ಗುಡುಗಿ ಆದಿನಾರಾಯಣ ಕಾರು ಹತ್ತಿದ. ಅಜ್ಜಿಯನ್ನೂ ತಂಗಿಯನ್ನೂ ಹತ್ತಿಸಿಕೊಂಡು ಸಿಟ್ಟಿನಿಂದ ತಿರುಗಿಸಿದ. ಮುಂದಿನ ಚಕ್ರ ಬಚ್ಚಲ ಕಾಲುವೆಯ ಚಪ್ಪಡಿಯಿಂದ ಇಳಿದು ಧಡ್ ಎಂದಿತು. ಅದರ ಹಿಂದೆಯೇ ಟಣ್ ಎಂಬ ಇನ್ನೊಂದು ಸದ್ದು. ಹದ ಕೆಟ್ಟ ಉಕ್ಕು ಕಡ್ಲೇಮಿಠಾಯಿಯಂತೆ ಮುರಿದಿತ್ತು. ಕಾರು ಎಡಗಡೆಗೆ ವಾಲಿ, ಬೀಗರ ಮನೆಯ ಮುಂದೆಯೇ ಕೂತುಬಿಟ್ಟಿತು. ಹದ ಯಾರಿಗೆ ಕಾಣ್ತದೆ ಅಂದಿದ್ದನಲ್ಲ, ಈಗ ಬೀದಿಗೆಲ್ಲ ಕಂಡಿತು.

ಹಿಂದೂಪುರದ ಬಸ್ಸು ಮರುದಿನಕ್ಕೇ. ಸಂಬಂಧ ಮುರಿದ ಮನೆಯಲ್ಲಿ ತಂಗುವಂತೆಯೂ ಇಲ್ಲ. ಕೊಟ್ಟೂರಪ್ಪ ಬಂದು ಬಗ್ಗಿ ನೋಡಿದ. "ಡಿಕ್ಕೀಲಿರೋ ಪಟ್ಟೀನ ಮುರಿದಿದ್ದಕ್ಕೆ ಜೊತೆ ಮಾಡಿ, ಮಗ್ಗದ ಹಗ್ಗದಲ್ಲಿ ಬಿಗಿದ್ರೆ ಊರು ಸೇರ್ತದೆ. ಕೈ ಮುರಿದೋರಿಗೆ ದಬ್ಬೆ ಕಟ್ಟಲ್ವಾ, ಅಂಗೆ." ನಾಲ್ಕು ಜನ ಮರದ ತೊಲೆ ತಂದು ಕಾರನ್ನು ಮೀಟಿ ಹಿಡಿದರು. ಎಷ್ಟು ಮೀಟಿದರೂ ಕೆಳಗೆ ಆದದ್ದು ಅರ್ಧ ಮೊಳದ ಸಂದು. ಕೊಟ್ಟೂರಪ್ಪ ತೂರಲು ನೋಡಿದ. ತಲೆ ಹೋಯಿತು, ಭುಜ ಸಿಕ್ಕಿಕೊಂಡಿತು. ಇಬ್ಬರು ಕಾಲು ಹಿಡಿದು ಹಿಂದಕ್ಕೆ ಎಳೆದರು.

"ನನ್ನ ಕೈಲಾಗಲ್ಲ," ಅಂದ ಮೈ ಕೊಡವಿಕೊಳ್ಳುತ್ತ. "ಸಣ್ಣ ಆಳು ಬೇಕು."

ಎಲ್ಲರೂ ಒಂದೇ ಕಡೆ ನೋಡಿದರು.

"ನಾನಾ?" ಅಂದ ಆದಿನಾರಾಯಣ. "ಈ ಮಣ್ಣಾಗಾ? ಈ ಜನದ ಮುಂದೆಯಾ?"

ಬನಶಂಕರಮ್ಮ ಡಿಕ್ಕಿಯ ಪಟ್ಟಿಯನ್ನೂ ಹಗ್ಗವನ್ನೂ ತಂದು ಅವನ ಕಾಲ ಬಳಿ ಹಾಕಿದಳು. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರುತ್ತರ ಕೊಟ್ಟವಳಲ್ಲ. "ಅಣ್ಣಯ್ಯ, ನಿನ್ನ ಮೊಣಕೈಗೆ ನಾನು ಮಣ್ಣು ತೋಡ್ದೆ. ನನ್ನ ಬದುಕಿಗೆ ನೀನೊಂದ್ಸಲ ಮಣ್ಣಿಗಿಳಿ. ಇಳೀದಿದ್ರೆ ನಾನು ಕಾರು ಹತ್ತಾಕಿಲ್ಲ. ಹಿಂದೂಪುರಕ್ಕೆ ನಡ್ಕೊಂಡೇ ಹೋಯ್ತೀನಿ. ದಾರೀಲಿ ಕೇಳಿದೋರಿಗೆಲ್ಲಾ ಯಾಕೆ ಅಂತ ಹೇಳ್ಕೊಂಡು ಹೋಯ್ತೀನಿ."

ಅಜ್ಜಿಯ ಮೊಮ್ಮಗಳು, ಹೇಳಿಯೇ ತೀರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಜುಬ್ಬ ಬಿಚ್ಚಿದ. ಬನಿಯನ್ನಿನಲ್ಲಿ ನೆಲಕ್ಕೆ ಬೆನ್ನು ಕೊಟ್ಟು ತೂರಿದ. ಸಲೀಸಾಗಿ ಹೋದ, ಆ ಸಂದು ಅವನಿಗೆಂದೇ ಅಳೆದು ಹೊಲಿದಂತಿತ್ತು.

ಮೊದಲು ಒಳಗಿನಿಂದ ಬೈಗುಳ ಬಂತು. ಆಮೇಲೆ ಬೈಗುಳ ನಿಂತು ಹಗ್ಗ ಜಗ್ಗುವ ಸದ್ದು. ಆರು ವರ್ಷದಿಂದ ಮಗ್ಗ ಮುಟ್ಟದ ಕೈ. ಆದರೂ ನೇಕಾರನ ಗಂಟು ಬೆರಳಿಗೆ ಮರೆತಿರಲಿಲ್ಲ. "ಇನ್ನೊಂದು ಗಜ ಕೊಡ್ರಿ," ಅಂದ. ಕೊಡಲು ಬಗ್ಗಿದವರಿಗೆಲ್ಲ ಸೊಂಟ ಹಿಡಿಯಿತು. ಹಂಪಮ್ಮನೇ ಹೊಸಿಲಿನಿಂದ ಎದ್ದು ಬಂದಳು. ಅವಳಿಗೆ ಅಷ್ಟೇನೂ ಬಗ್ಗಬೇಕಾಗಲಿಲ್ಲ. ಹಗ್ಗದ ತುದಿಯನ್ನು ಒಳಗೆ ನೀಡಿದಳು.

"ಸಾಕಾ?"

"ಸಾಕು," ಅಂತು ಕಾರಿನ ಹೊಟ್ಟೆ.

"ಬಿಗಿಯಾಗಿ ಕಟ್ರಿ. ಮುಂದೆ ನಾನೂ ಇದರಲ್ಲೇ ಕೂರ್ಬೇಕಾಗ್ತದೋ ಏನೋ."

ಬನಶಂಕರಮ್ಮ ಕೇಳಿದಳು. ಕೊಟ್ಟೂರಪ್ಪನೂ ಕೇಳಿ, ತೊಲೆಯ ಮೇಲಿನ ಹಿಡಿತ ಬಿಟ್ಟುಬಿಡುವುದರಲ್ಲಿದ್ದ. "ಹಿಡ್ಕಳಪ್ಪೋ, ಭಾವ ಚಪ್ಪಟೆಯಾದಾನು!" ಎಂದು ಎಲ್ಲರೂ ಕೂಗಿದರು. ಒಳಗೆ ಮಾತ್ರ ಹಗ್ಗ ಮೊದಲಿಗಿಂತ ಎರಡರಷ್ಟು ಜೋರಾಗಿ ಕಿರ್ರೆಂದಿತು.

"ಅಜ್ಜಿ, ಆ ರಾಜ ಕಡೆಗೇನಾದ?" ಎಂದು ಬನಶಂಕರಮ್ಮ ಕೇಳಿದಳು, ಸುಮ್ಮನಿದ್ದರೆ ಅತ್ತುಬಿಡುತ್ತೇನೆಂದು.

"ಏನಾಯ್ತಾನೆ? ಕಾಲಿಲ್ಲದ ಕುದುರೇನ ಬೆನ್ನ ಮ್ಯಾಲೆ ಹೊತ್ಕೊಂಡು ಮನೆಗೋದ. ಆವತ್ತು ನೋಡಿದ್ರಂತೆ ಪ್ರಜೆಗಳೆಲ್ಲಾ ಅವನನ್ನ, ಕಣ್ತುಂಬ." ಅಜ್ಜಿ ಕಾರಿನ ಕೆಳಗಿನಿಂದ ಚಾಚಿದ್ದ ಎರಡು ಪಾದಗಳನ್ನು ನೋಡಿದಳು. "ಪೊಟ್ಟೋಡು ಗಟ್ಟೋಡು ಅಂತಾರೆ ತೆಲುಗ್ರು. ಕುಳ್ಳ ಗಟ್ಟಿಗ ಅಂತ. ಗಟ್ಟಿ ಮಾಡಾಕೆ ಮಣ್ಣಾಗೆ ಹೂಳ್ಬೇಕು ಅಂತ ಯಾರೂ ಹೇಳಿರ್ಲಿಲ್ಲ ನೋಡು."

ಆದಿನಾರಾಯಣ ಹೊರಗೆ ಬಂದಾಗ ಮೈಯೆಲ್ಲ ಮಣ್ಣು, ಗ್ರೀಸು. ಅವನ ಮುಖ ಯಾವುದು, ಬೆನ್ನು ಯಾವುದು ಎಂದು ಹುಡುಕಬೇಕಿತ್ತು. ಹಂಪಮ್ಮ ಅದೇ ತಂಬಿಗೆಯಲ್ಲಿ ಅವನ ಕೈಗೂ ನೀರು ಹಾಕಿದಳು. ಮಲ್ಲಿಕಾರ್ಜುನಪ್ಪ ಮಗಳ ಮುಖ ನೋಡಿ, ಒಳಗೆ ಹೋಗಿ ವೀಳ್ಯದ ತಟ್ಟೆ ತಂದ. ಒಂದಲ್ಲ, ಎರಡು. ಜಗುಲಿಯ ಮೇಲೆ ಕೂತು ಬನಶಂಕರಮ್ಮ ಹಂಪಮ್ಮನ ಹಣೆಗೆ ಕುಂಕುಮವಿಟ್ಟಳು. ಬೊಬ್ಬೆಯೆದ್ದ ಬೆರಳು, ಬೊಟ್ಟು ಸ್ವಲ್ಪ ಸೊಟ್ಟಗಾಯಿತು. ಹಂಪಮ್ಮ ತಿದ್ದಿಕೊಳ್ಳಲಿಲ್ಲ.

ಹೊರಡುವ ಹೊತ್ತಿಗೆ ಕಾರು ಸೊಟ್ಟಗೆ ನಿಂತಿತ್ತು. ದಬ್ಬೆ ಕಟ್ಟಿದ ಎಡಗಡೆ ಎತ್ತರ, ಬಲಗಡೆ ತಗ್ಗು. ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬಂದಿರಬೇಕೆಂದು ನೀವು ಅಂದುಕೊಂಡಿರಿ. ಬನಶಂಕರಮ್ಮನೂ ಅಂದುಕೊಂಡಿದ್ದಳು. ಅಣ್ಣ ಜುಬ್ಬ ತೊಟ್ಟುಕೊಂಡು, ಕಾರನ್ನು ಸುತ್ತಿ, ನೆಟ್ಟಗೆ ತಗ್ಗಿನ ಕಡೆಗೆ ಹೋಗಿ ಮೊಣಕೈ ಎತ್ತಿದ.

"ಅಲ್ಲಲ್ಲ," ಅಂದಳು ಹಂಪಮ್ಮ ಹೊಸಿಲಿನಿಂದ. "ಈ ಕಡೆ ಬನ್ನಿ. ನೀವು ಕಟ್ಟಿದ ಕಡೆ."

ಆದಿನಾರಾಯಣ ಎತ್ತಿದ ಮೊಣಕೈ ಇಳಿಸಿ, ಎತ್ತರದ ಕಡೆಗೆ ಬಂದು ನಿಂತ. ಅಲ್ಲಿ ಮಾಳಿಗೆ ಮತ್ತೆ ಅವನ ತಲೆಯ ಮೇಲಿತ್ತು. ಕೈ ಎಲ್ಲಿಡಬೇಕೆಂದು ತಡಕಾಡಿ, ಕಡೆಗೆ ಬಾಗಿಲ ಹಿಡಿಯ ಮೇಲಿಟ್ಟ. ಅದು ಅವನ ಮೊಣಕೈಗೆ ಸರಿಯಾಗಿತ್ತು. ಬೆಂಗಳೂರಿನಿಂದ ಕಾರು ಬಂದ ದಿನದಿಂದಲೂ ಅದು ಅಲ್ಲೇ ಇತ್ತು.